ಒಂದು ಗೇಣು, ಒಂದು ಮೊಳ

ಫೆಬ್ರವರಿ 3

ನನ್ನ ಮುದ್ದಿನ ಅಕ್ಕಾ,

ಫೋನ್ ಮಾಡಿದರೆ ನೀನು "ಹೂಂ", "ಸರಿ", "ಊಟ ಆಯ್ತಾ" ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಅದಕ್ಕೇ ಕಾಗದ. ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಬೇಕು, ಇದು ನನ್ನ ಕಾನೂನು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳ ಒತ್ತಕ್ಷರ ನೋಡಿ ನೀನೂ ದೊಡ್ಡಮ್ಮನೂ ನಗುವುದಿದ್ದರೆ ನನಗೆ ಕೇಳಿಸದ ಹಾಗೆ ನಗಿ.

ಅಕ್ಕಾ, ನನಗೆ ಎಷ್ಟು ಖುಷಿ ಗೊತ್ತಾ? ನೆಲ ಒರೆಸುವಾಗಲೂ ಹಾಡುತ್ತೇನೆ. ಪಕ್ಕದ ಮನೆಯಾಕೆ ಬಂದು, "ರೇಡಿಯೋ ಸ್ವಲ್ಪ ಸಣ್ಣ ಮಾಡ್ತೀರಾ?" ಅಂದರು. ನಮ್ಮ ಮನೆಯಲ್ಲಿ ರೇಡಿಯೋನೇ ಇಲ್ಲ! ಮನೆಯೋ, ಸಂಶೋಧನಾ ಕೇಂದ್ರದ ಬೇಲಿಯ ಒಳಗೇ ಇದೆ. ಮೂರು ಕೋಣೆ! ನೀನು, ನಾನು, ದೊಡ್ಡಮ್ಮ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿ ಬೆಳೆದವರು. ಇಲ್ಲಿ ಒಂದು ಕೋಣೆಯಲ್ಲಿ ಸೀನಿದರೆ ಇನ್ನೊಂದು ಕೋಣೆ ತಿರುಗಿ ಸೀನುತ್ತದೆ.

ನಮ್ಮವರ ಜೇಬಿನಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು ಇರುತ್ತದೆ. ಅದಕ್ಕೇ ನಾನು ಅವರನ್ನು ಸ್ಕೇಲು ಎಂದೇ ಕರೆಯುವುದು. ಮೊನ್ನೆ ಚಹಾ ಕುಡಿಯುತ್ತಾ ನನ್ನ ಎರಡು ಹುಬ್ಬಿನ ನಡುವಿನ ಜಾಗ ಅಳೆದರು. ನಾಚಿಕೆಯಿಂದ ಸತ್ತೇ ಹೋದೆ. ಅವರ ಕೆಲಸ ಏನು ಅಂತ ಮದುವೆ ಗಲಾಟೆಯಲ್ಲಿ ಯಾರೂ ಸರಿಯಾಗಿ ಕೇಳಲಿಲ್ಲವಲ್ಲ? ಔಷಧಿ ಹೂಗಳ ಪ್ರಯೋಗ. ಯಾವ ತಳಿ ಹಾಕಬೇಕು, ಗಿಡದಿಂದ ಗಿಡಕ್ಕೆ ಎಷ್ಟು ಜಾಗ ಬಿಡಬೇಕು, ಆಗ ಹೂ ಎಷ್ಟು ಬರುತ್ತದೆ ಅಂತ ನೋಡುವುದು. ಅದೂ ಯಾವ ಹೂ ಅಂತೀಯ? ನಮ್ಮದೇ! ನಾವು ಮುಲಾಮಿನ ಹೂ ಅನ್ನುವ ಅದೇ ಕ್ಯಾಲೆಂಡುಲಾ!

ಈಗ ಮುಖ್ಯ ವಿಷಯ. ಅವರ ಹೋದ ಸಲದ ಫಲಿತಾಂಶವನ್ನು ನಾನೇ ಕಣ್ಣಾರೆ ಓದಿದೆ. ದೊಡ್ಡ ಹೂವಿನ ಹೊಸ ತಳಿಯನ್ನು ಒಂದು ಮೊಳಕ್ಕೊಂದರಂತೆ ನೆಟ್ಟರೆ, ನೀನು ಗೇಣಿಗೊಂದು ತುರುಕುವ ಸಣ್ಣ ಹೂವಿಗಿಂತ ಮೂರು ಪಟ್ಟು ಹೂ! ಮೂರು ಪಟ್ಟು, ಅಕ್ಕಾ! ಉಳಿದ ಬೀಜ ಸ್ವಲ್ಪ ಕೇಳಿ ತಂದಿದ್ದೇನೆ, ಈ ಕಾಗದದ ಜೊತೆಗೇ ಇದೆ. ಹಾಕು. ನನ್ನ ಮೇಲೆ ಆಣೆ.

ಹೂ ಮುಗಿದ ಕೂಡಲೇ ಬರುತ್ತೇನೆ, ತಿಂಗಳು ಪೂರ್ತಿ ಇರುತ್ತೇನೆ ಅಂತ ಮದುವೆ ದಿನ ಹೇಳಿದ್ದೀಯ. ನಾನು ಮರೆಯುವ ಪೈಕಿ ಅಲ್ಲ.

ಕಾಲು ನೆಲದ ಮೇಲಿಲ್ಲದ,
ನಿನ್ನ ಚಿನಕುರುಳಿ

*

ಫೆಬ್ರವರಿ 19

ಚಿನಕುರುಳಿಗೆ,

ಬೀಜ ತಲುಪಿತು. ದೊಡ್ಡಮ್ಮ ಅಂಗೈ ಮೇಲೆ ಹಾಕಿಕೊಂಡು ನೋಡಿದರು. ಗೊತ್ತಲ್ಲ, ಒಣಗಿದ ಹುಳದ ಹಾಗೆ ಸುರುಟಿಕೊಂಡಿರುತ್ತದೆ. "ನಮ್ಮ ಬೀಜಕ್ಕೂ ಇದಕ್ಕೂ ಏನೇ ವ್ಯತ್ಯಾಸ? ಇದು ಕಚೇರಿ ಹುಳ, ಅಷ್ಟೇ" ಅಂದರು. ಆಮೇಲೆ ನಿನ್ನ ಕಾಗದವನ್ನು ಇನ್ನೊಂದು ಸಲ ಓದಿಸಿಕೊಂಡರು. ರೇಡಿಯೋ ವಿಷಯ ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೆಳಗಿನ ಮಡಿಗೆ ನಮ್ಮ ಹಳೆಯ ಸಣ್ಣ ಹೂವನ್ನೇ ಹಾಕಿದ್ದೇನೆ, ಗೇಣಿಗೊಂದು. ಮೇಲಿನ ಮಡಿಗೆ ನಿನ್ನ ಬೀಜ, ಮೊಳಕ್ಕೊಂದು. ನೀನು ಆಣೆ ಇಟ್ಟೆ ಅಂತ ಅಲ್ಲ. ಹೂ ದೊಡ್ಡದಾದರೆ ಅದೇ ಚೀಲ ತುಂಬಲು ಕಡಿಮೆ ಸಲ ಬಗ್ಗಿದರೆ ಸಾಕು ಅಂತ ನನಗೂ ಆಸೆಯಾಯಿತು. ಮೇಲಿನ ಮಡಿ ಈಗ ನೋಡಲು ಬೋಳು ತಲೆಯ ಹಾಗಿದೆ.

ಬರುತ್ತೇನೆ. ಪ್ರತಿ ವರ್ಷದ ಹಾಗೆ ಮೇ ನಡುವಿಗೆ ಹೂ ನಿಲ್ಲುತ್ತದೆ. ಒಣಗಿಸಿ, ಚೀಲ ಕಟ್ಟಿ, ಹೂ ಕೊಳ್ಳುವ ಮುಲಾಮಿನವರಿಗೆ ಕಳಿಸಿದ ಮೇಲೆ ಹೊರಡುವುದೇ. ನಿನ್ನ ಮದುವೆಯ ದಿನವೂ ಒಣಗಲು ಹಾಕಿದ ಚಳಿಗಾಲದ ಹೂವಿನ ತಟ್ಟೆ ತಿರುವಬೇಕು ಅಂತ ಸಂಜೆಯೇ ವಾಪಸು ಬಂದವಳು ನಾನು. ನೀನು ಗಾಡಿ ಹತ್ತುವುದನ್ನು ನೋಡಲಿಲ್ಲ. ಈ ಸಲ ಹಾಗೆ ಮಾಡುವುದಿಲ್ಲ.

ದೊಡ್ಡಮ್ಮನ ಮಂಡಿ ನೋವು ಹಾಗೇ ಇದೆ. ಬಾಯಿ ಚೆನ್ನಾಗಿದೆ.

ಅಕ್ಕ

*

ಏಪ್ರಿಲ್ 8

ಅಕ್ಕಾ ಅಕ್ಕಾ ಅಕ್ಕಾ,

ನಿನ್ನ ಕೋಣೆ ಸಿದ್ಧವಾಗುತ್ತಿದೆ! ಕಿಟಕಿಗೆ ಹಳದಿ ಪರದೆ ಹೊಲಿದಿದ್ದೇನೆ. ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ. ಸ್ಕೇಲು ಮನೆಯಲ್ಲಿಟ್ಟುಕೊಂಡೂ ಹೀಗೆ ಹೊಲಿದಿದ್ದೇನೆ ಅಂದರೆ ನೋಡು ನನ್ನ ಪ್ರತಿಭೆ. ಅವರು ಏನೂ ಅನ್ನಲಿಲ್ಲ. ಅವರು ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ. ಪ್ರಯೋಗದ ಮಡಿಗಳಲ್ಲಿ ಹೂ ಶುರುವಾಗಿದೆ. ಬೆಳಕು ಹರಿಯುತ್ತಲೇ ಹೋಗುತ್ತಾರೆ, ಬಂದರೆ ಕೂತಲ್ಲೇ ತೂಕಡಿಸುತ್ತಾರೆ. ನಾನು ದಿನದ ಕಥೆ ಎಲ್ಲಾ ಕೂಡಿಟ್ಟು ಹೇಳಿದರೆ, "ಹೂಂ" ಅನ್ನುತ್ತಾರೆ. ಥೇಟ್ ನಿನ್ನ ಹಾಗೆ! ನಿಮ್ಮಿಬ್ಬರ ಮಾತುಕತೆ ಹೇಗಿರುತ್ತದೋ ನೋಡಬೇಕು ನನಗೆ.

ಆದರೆ ದಿನಾ ಒಂದು ಹೂ ತರುತ್ತಾರೆ. ದಿನಾ! ನಾನು ಅದನ್ನು ಗಾಜಿನ ಲೋಟದಲ್ಲಿ ಹಾಕಿ ಕಿಟಕಿಯಲ್ಲಿ ಇಡುತ್ತೇನೆ. ಮೊನ್ನೆ, "ಇದನ್ನ ಕಿತ್ಕೊಂಡು ಬಂದ್ರೆ ನಿಮ್ಮ ಲೆಕ್ಕ ತಪ್ಪಲ್ವಾ?" ಅಂತ ಕೇಳಿದೆ.

"ಇದು ಅಂಚಿನ ಸಾಲಿಂದು. ಅದು ಲೆಕ್ಕಕ್ಕೆ ಬರಲ್ಲ" ಅಂದರು.

ಪ್ರತಿ ಮಡಿಯ ಸುತ್ತ ಒಂದು ಸಾಲು ಸುಮ್ಮನೆ ನೆಡುತ್ತಾರಂತೆ ಅಕ್ಕಾ. ಗಾಳಿ, ಬಿಸಿಲು, ದನ, ಓಡಾಡುವವರ ಕಾಲು ಎಲ್ಲವನ್ನೂ ತಡೆದುಕೊಳ್ಳುವುದಕ್ಕೆ. ಒಳಗಿನ ಗಿಡಗಳು ಸರಿಯಾಗಿರಲಿ ಅಂತ. ಅದರ ಹೂವನ್ನು ಯಾರೂ ತೂಗುವುದಿಲ್ಲ. ನಾನು ತುಂಬ ನಕ್ಕೆ. ಆಮೇಲೆ ಲೋಟದ ನೀರು ಬದಲಾಯಿಸಿದೆ.

ಬೇಗ ಬಾ. ಮೇ ಅಂದರೆ ಇನ್ನೆಷ್ಟು ದೂರ!

ನಿನ್ನದೇ,
ಚಿನಕುರುಳಿ

*

ಮೇ 1

ಚಿನಕುರುಳಿಗೆ,

ನಿನ್ನ ಮಡಿ ಹೂ ಬಿಟ್ಟಿದೆ. ಸುಳ್ಳು ಹೇಳಬಾರದು, ಇಷ್ಟು ಚೆಂದ ನಮ್ಮ ಹೊಲದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ದೊಡ್ಡಮ್ಮ, "ಇದು ಹೂವಾ, ಊಟದ ತಟ್ಟೆಯಾ?" ಅನ್ನುತ್ತಾರೆ, ಆದರೆ ಅವರೂ ಸಂಜೆ ಕುರ್ಚಿಯನ್ನು ಆ ಕಡೆಗೇ ತಿರುಗಿಸಿಕೊಂಡು ಕೂರುತ್ತಾರೆ. ಮುಲಾಮಿನವರು ಬಂದು ನೋಡಿ, ಮೇಲಿನ ಮಡಿಯಲ್ಲಿ ಎಷ್ಟು ಹೂ ಬರುತ್ತದೋ ಅಷ್ಟೂ ನಮಗೇ ಕೊಡಬೇಕು ಅಂತ ಮಾತು ತೆಗೆದುಕೊಂಡು ಹೋದರು. ನಾನೂ ಕೊಟ್ಟೆ.

ಕೀಳುವುದು ನೀನು ಮರೆತಿರಲಾರೆ. ಎರಡು ಬೆರಳ ಸಂದಿಗೆ ಹೂವಿನ ಕುತ್ತಿಗೆ ಸಿಕ್ಕಿಸಿ ಹೆಬ್ಬೆರಳಲ್ಲಿ ಒತ್ತಿದರೆ ಚಟ್ ಅನ್ನುತ್ತದೆ. ದೊಡ್ಡ ಹೂವಿಗೆ ಅಂಟು ಜಾಸ್ತಿ. ಎಣ್ಣೆ ಹಚ್ಚಿ ತಿಕ್ಕಿದರೂ ಬೆರಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಒಣಗುವುದೂ ತಡ. ಎಸಳು ಗರಿಗರಿಯಾದರೂ ಬುಡದಲ್ಲಿ ಹಸಿ ಇರುತ್ತದೆ. ಒಂದು ತಟ್ಟೆಗೆ ಬೂಸ್ಟು ಹಿಡಿದು ಎಸೆದೆ. ಈಗ ಪ್ರತಿ ಹೂವಿನ ಬುಡವನ್ನೂ ಉಗುರಲ್ಲಿ ಒತ್ತಿ ನೋಡುತ್ತೇನೆ.

ಕೆಳಗಿನ ಮಡಿ ಒಟ್ಟಿಗೇ ಅರಳಿ ಒಟ್ಟಿಗೇ ಮುಗಿಯುತ್ತಾ ಬಂದಿದೆ, ಪ್ರತಿ ಸಲದ ಹಾಗೆ. ಪರದೆ ಗಿಡ್ಡ ಇರುವ ಕಡೆ ಮಂಚ ಹಾಕು. ನನಗೆ ಬೆಳಕು ಇಷ್ಟ.

ಅಕ್ಕ

*

ಮೇ 25

ಪ್ರೀತಿಯ ಅಕ್ಕಾ,

ಮೇ ನಡು ಕಳೆದು ಹೋಯಿತು. ನೀನು ಬರಲಿಲ್ಲ, ಕಾಗದವೂ ಇಲ್ಲ. ಬಸ್ ನಿಲ್ಲುವ ಕಡೆ ದಿನಾ ಸಂಜೆ ನಡೆದು ಹೋಗಿ ಬರುತ್ತೇನೆ. ವ್ಯಾಯಾಮಕ್ಕೆ, ಬೇರೇನಿಲ್ಲ.

ನಾನು ಚೆನ್ನಾಗಿದ್ದೇನೆ. ಈಗ ಹಾಡುವುದು ಕಡಿಮೆ. ಪಕ್ಕದ ಮನೆಯಾಕೆಯೇ, "ರೇಡಿಯೋ ಕೆಟ್ಟೋಯ್ತಾ?" ಅಂತ ಕೇಳಿದರು. ಮಧ್ಯಾಹ್ನ ಮಲಗಿದರೆ ಏಳಲು ಆಗುವುದಿಲ್ಲ. ಕೆಲಸವೇನು, ಇಬ್ಬರಿಗೆ ಅಡುಗೆ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತೇನೆ, ಯಾಕೆ ಬಂದೆ ಅಂತ ಮರೆತು ವಾಪಸು ಬರುತ್ತೇನೆ. ನನ್ನವರು ಒಳ್ಳೆಯವರು. ದಣಿದಿರುತ್ತಾರೆ. ನಾನು ಚೆನ್ನಾಗಿದ್ದೇನೆ.

ಮಂಚವನ್ನು ನೀನು ಹೇಳಿದ ಕಡೆಗೇ ಹಾಕಿದ್ದೇನೆ. ಯಾವಾಗ ಬರುತ್ತೀಯ? ಚೆನ್ನಾಗಿದ್ದೇನೆ ಅಂತ ಬರೆದೆ ತಾನೆ?

ಚಿನಕುರುಳಿ

*

ಜೂನ್ 9

ಚಿನಕುರುಳಿಗೆ,

ತಡವಾಯಿತು. ಬೆರಳ ಅಂಟಿಗೆ ಕಾಗದ ಹತ್ತಿಕೊಳ್ಳುತ್ತದೆ, ಬರೆಯುವುದು ಕಷ್ಟ.

ಕೆಳಗಿನ ಮಡಿ ಮೇ ನಡುವಿಗೇ ಮುಗಿಯಿತು. ಗಿಡ ಕಿತ್ತು, ನೆಲ ಅಗೆದು, ಚೀಲವನ್ನೂ ಕಳಿಸಿದೆ. ಈಗ ಅಲ್ಲಿ ಬರಿ ಮಣ್ಣು. ದಾಟಿ ಹೋಗುವಾಗ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಅಲ್ಲಿ ನನಗೆ ಏನೂ ಕೆಲಸವಿಲ್ಲ ಅನ್ನುವುದೇ ಹಿತವಾಗಿದೆ.

ಮೇಲಿನ ಮಡಿ ನಿಲ್ಲುತ್ತಿಲ್ಲ. ಜಾಗ ಸಿಕ್ಕಿತಲ್ಲ, ಒಂದೊಂದು ಗಿಡವೂ ಸುತ್ತ ಕೈ ಚಾಚಿದೆ. ಒಂದು ಕೈಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಕೈ ಮೊಗ್ಗು ಹಿಡಿದು ನಿಂತಿರುತ್ತದೆ. ದಿನ ಬಿಟ್ಟು ದಿನ ಕೀಳಬೇಕು. ಕಿತ್ತಷ್ಟೂ ಬಿಡುತ್ತದೆ. ಹೋದ ವಾರದ ಗಾಳಿಗೆ ಅರ್ಧಕ್ಕರ್ಧ ಮಲಗಿಬಿಟ್ಟವು. ಒತ್ತಾಗಿದ್ದರೆ ಒಂದಕ್ಕೊಂದು ಒರಗಿ ನಿಲ್ಲುತ್ತಿದ್ದವು. ಇವಕ್ಕೆ ಒರಗಲು ಪಕ್ಕದಲ್ಲಿ ಯಾರೂ ಇಲ್ಲ. ಮಲಗಿದಲ್ಲಿಂದಲೇ ತಲೆ ಎತ್ತಿ ಮತ್ತೆ ಹೂ ಬಿಡುತ್ತಿವೆ. ಈಗ ಕೀಳಲು ಮೊದಲಿಗಿಂತ ಹೆಚ್ಚು ಬಗ್ಗಬೇಕು.

ದೊಡ್ಡಮ್ಮನ ಮಂಡಿ ಬಗ್ಗುವುದಿಲ್ಲ. ನೆರಳಲ್ಲಿ ಕೂತು ಬೈಯುತ್ತಾರೆ. "ಏ ಕಚೇರಿ ಹುಳಗಳಾ, ನಿಮಗೆ ರಜೆ ಅಂತ ಇಲ್ವೇನ್ರೋ!" ನಗು ಬರುತ್ತದೆ, ಆಮೇಲೆ ಸೊಂಟ ನೆಟ್ಟಗೆ ಮಾಡಲು ಆಗುವುದಿಲ್ಲ.

ನಿನ್ನವರನ್ನು ಒಂದು ಮಾತು ಕೇಳು. ಇದು ಯಾವಾಗ ನಿಲ್ಲುತ್ತದೆ?

ಮೂರು ಸಲ ಚೆನ್ನಾಗಿದ್ದೇನೆ ಅಂತ ಬರೆದಿದ್ದೀಯ. ಓದಿದೆ.

ಅಕ್ಕ

*

ಜೂನ್ 21

ಅಕ್ಕಾ,

ಇವತ್ತು ಅವರ ಜೊತೆ ತೂಕದ ಕೋಣೆಗೆ ಹೋದೆ. ತಗಡಿನ ಮಾಡು, ಉದ್ದನೆಯ ಮೇಜು, ಮೇಜಿನ ತುಂಬ ಬಟ್ಟೆ ಚೀಲ. ಒಂದೊಂದು ಮಡಿಗೂ ಒಂದು ಚೀಲ. ನಮ್ಮ ಮನೆಯಲ್ಲಿ ಹೂ ಒಣಗಿಸುವ ಅಟ್ಟದ್ದೇ ವಾಸನೆ. ನೀನು ಕೇಳಿದ್ದನ್ನು ಕೇಳಿದೆ. ಅವರು ತಲೆ ಎತ್ತದೆ, "ನಿಮ್ಮಕ್ಕ ಯಾವ ಅಂತರ ಹಾಕಿದಾರೆ?" ಅಂದರು.

"ಮೊಳಕ್ಕೊಂದು. ದೊಡ್ಡ ತಳಿ. ಮೂರು ಪಟ್ಟು ಬರುತ್ತೆ ಅಂತ ನಾನೇ ಹೇಳಿದ್ದು. ನಿಮ್ಮ ಫಲಿತಾಂಶ ನೋಡಿ."

ಆಗ ತಲೆ ಎತ್ತಿದರು. "ಅದು ಗಿಡಕ್ಕೆ ಮೂರು ಪಟ್ಟು. ಮಡಿಗಲ್ಲ."

"ಅಂದ್ರೆ?"

"ಮೊಳಕ್ಕೊಂದು ನೆಟ್ಟರೆ ಗಿಡ ಎಷ್ಟು ಹಿಡಿಯುತ್ತೆ? ಗೇಣಿಗೊಂದು ನೆಟ್ಟರೆ ಉದ್ದಕ್ಕೂ ಎರಡು ಪಟ್ಟು, ಅಗಲಕ್ಕೂ ಎರಡು ಪಟ್ಟು, ಅದೇ ಜಾಗದಲ್ಲಿ ನಾಲ್ಕು ಪಟ್ಟು ಗಿಡ. ಒಂದೊಂದು ಕಡಿಮೆ ಕೊಡುತ್ತೆ, ಎಲ್ಲಾ ಸೇರಿ ಜಾಸ್ತಿ ಕೊಡುತ್ತೆ. ತಳಿಗೆ ತಕ್ಕ ಹಾಗೆ ಬದಲಾಗುತ್ತೆ ಅನ್ನು. ಆದ್ರೆ ಅವರ ಮಡಿ ಅವರ ಹಳೇ ಮಡಿಗಿಂತ ಒಂದು ಹಿಡಿಯೂ ಹೆಚ್ಚು ಕೊಟ್ಟಿರಲ್ಲ."

ಎರಡು ಚೀಲ ತೆಗೆದು ನನ್ನ ಎರಡು ಕೈಗೆ ಕೊಟ್ಟರು. ಒಂದು ಗೇಣಿಂದು, ಒಂದು ಮೊಳದ್ದು. ತಕ್ಕಡಿ ಬೇಕಾಗಲೇ ಇಲ್ಲ, ಅಕ್ಕಾ. ಗೇಣಿನ ಚೀಲದ ಕೈ ತಾನೇ ಕೆಳಗೆ ಬಂತು.

ನಾನು ಒಂದು ಗಿಡವನ್ನು ಮಾತ್ರ ನೋಡಿದೆ. ಅದು ಎಷ್ಟು ಚೆಂದ, ಎಷ್ಟು ಹರಡಿದೆ, ಎಷ್ಟು ಹೂ ಬಿಟ್ಟಿದೆ ಅಂತ. ಸುತ್ತ ಎಷ್ಟು ಖಾಲಿ ಅಂತ ನೋಡಲಿಲ್ಲ. ನಿನಗೆ ಇದು ಯಾವತ್ತೋ ಗೊತ್ತಾಗಿರಬೇಕು. ಒಂದು ಮಾತೂ ಬರೆಯಲಿಲ್ಲವಲ್ಲ ನೀನು. ಬೈಯಬಾರದಿತ್ತಾ?

"ಯಾವಾಗ ನಿಲ್ಲುತ್ತೆ?" ಅಂತ ಮತ್ತೆ ಕೇಳಿದೆ.

"ಕೀಳ್ತಾ ಇದ್ರೆ ನಿಲ್ಲಲ್ಲ. ಬೀಜ ಕಟ್ಟೋಕೆ ಬಿಡ್ತಾ ಇಲ್ವಲ್ಲ, ಅದಕ್ಕೆ ಮತ್ತೆ ಮತ್ತೆ ಬಿಡ್ತಾನೇ ಇರುತ್ತೆ. ಕೀಳೋದು ಬಿಟ್ಟರೆ ಬೀಜ ಕಟ್ಟುತ್ತೆ, ನಿಲ್ಲುತ್ತೆ."

ಅಷ್ಟೇ. ಅವರು ಹೇಳಿದ್ದು ಗಿಡದ ವಿಷಯ. ಯಾಕೋ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಜೋರಾಗಿ, ಮಕ್ಕಳ ಹಾಗೆ. ಅವರಿಗೆ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಸ್ಕೇಲು ತೆಗೆದರು, ಮತ್ತೆ ಜೇಬಿಗೆ ಹಾಕಿದರು. ಹೊರಗೆ ಹೋದರು. ವಾಪಸು ಬಂದಾಗ ಕೈಯಲ್ಲಿ ಒಂದು ಹೂ.

"ಅಂಚಿನ ಸಾಲಿಂದಾ?" ಅಂತ ಕೇಳಿದೆ, ಸ್ವಲ್ಪ ಕೆಟ್ಟದಾಗಿಯೇ.

"ಅಲ್ಲ, ಒಳಗಿಂದು" ಅಂದರು. "ಒಂದು ಕಡಿಮೆ ಅಂತ ಬರ್ಕೋತೀನಿ."

ಯಾರಿಗೂ ಹೇಳಬೇಡ. ಅವರ ಸಾಹೇಬರಿಗೆ ತಿಳಿದರೆ ಕೆಲಸಕ್ಕೇ ಸಂಚಕಾರ. ಸಂಜೆ ನನ್ನ ಪಕ್ಕದಲ್ಲಿ ಕೂತು, "ಈ ಮನೆ ನಿನಗೆ ತುಂಬ ದೊಡ್ಡದಾಯ್ತು ಅಲ್ವಾ?" ಅಂದರು. ನಾನು, "ಹೂಂ" ಅಂದೆ.

ಮುಲಾಮಿನವರಿಗೆ ನೀನು ಮಾತು ಕೊಟ್ಟಿದ್ದೀಯ, ನನಗೆ ಗೊತ್ತು. ಬರಲು ಆಗದಿದ್ದರೂ ಪರವಾಗಿಲ್ಲ.

ನಿನ್ನ,
ಚಿನಕುರುಳಿ

*

ಜುಲೈ 3

ಚಿನಕುರುಳಿಗೆ,

ಮೊನ್ನೆ ಕೀಳುವ ದಿನ. ಬುಟ್ಟಿ ಹಿಡಿದು ಮಡಿಯ ತನಕ ಹೋದೆ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತೆ. ಬಿಸಿಲೇರಿತು. ಎಲ್ಲಾ ಹೂ ನನ್ನನ್ನೇ ನೋಡುತ್ತಿದ್ದವು. ದೊಡ್ಡಮ್ಮ ನೆರಳಿನಿಂದ, "ಏನೇ, ತಲೆ ಸುತ್ತು ಬಂತಾ?" ಅಂದರು. "ಇಲ್ಲ ದೊಡ್ಡಮ್ಮ, ಕೀಳಲ್ಲ" ಅಂದೆ. ಅವರು ಕುರ್ಚಿಯನ್ನು ಮನೆಯ ಕಡೆಗೆ ತಿರುಗಿಸಿಕೊಂಡರು. ಆಮೇಲೆ, "ಹಂಗಾದ್ರೆ ಒಳಗೆ ಬಾ, ಬಿಸಿಲಲ್ಲಿ ಯಾಕೆ ಕೂತು ಸಾಯ್ತೀಯ" ಅಂದರು.

ಇವತ್ತೂ ಕೀಳಲಿಲ್ಲ. ಮೊದಲು ಅರಳಿದವು ಎಸಳು ಉದುರಿಸಿ ಹಸಿರಾಗಿ ಸುರುಟಿಕೊಳ್ಳುತ್ತಿವೆ.

ಮುಲಾಮಿನವರು ಬಂದಿದ್ದರು. ಮಡಿ ನೋಡಿ ಸಿಟ್ಟಾದರು. ಮಾತು ಕೊಟ್ಟು ಹೀಗೆ ಮಾಡಿದರೆ ಮುಂದಿನ ಸಲ ಬೇರೆಯವರ ಹತ್ತಿರ ತಗೋತೀವಿ ಅಂದರು. ಅವರದು ತಪ್ಪಲ್ಲ. ತಗೊಳ್ಳಿ ಅಂದೆ. ಮುಂದಿನ ಸಲ ಏನು ಅಂತ ನನಗೆ ಗೊತ್ತಿಲ್ಲ.

ನಿನ್ನನ್ನು ಬೈಯಲು ಏನಿದೆ? ಆ ಹೂ ನೋಡಿ ನನಗೂ ಆಸೆಯಾಗಿತ್ತು. ಇಷ್ಟು ಜಾಗ ಇದ್ದರೆ ಹೇಗಿರಬಹುದು ಅಂತ.

ಏಳನೇ ತಾರೀಕು ರಾತ್ರಿ ಹೊರಡುತ್ತೇನೆ. ದೊಡ್ಡಮ್ಮನ ಜೊತೆಗೆ ಹಿಂದಿನ ಮನೆಯವರು ಇರುತ್ತಾರೆ. ಬಸ್ ನಿಲ್ಲುವ ಕಡೆ ಬಾ. ವ್ಯಾಯಾಮಕ್ಕೆ.

ಅಕ್ಕ

*

ಜುಲೈ 8

ದೊಡ್ಡಮ್ಮನಿಗೆ,

ಹಿಂದಿನ ಮನೆಯವರ ಕೈಲಿ ಓದಿಸಿಕೊಳ್ಳಿ. ಅವರು ನಡುನಡುವೆ ತಮ್ಮ ಮಾತು ಸೇರಿಸಿದರೆ ನಂಬಬೇಡಿ.

ಅಕ್ಕ ಬಂದಳು. ಬಸ್ಸಿನಿಂದ ಇಳಿಯುವಾಗ ನನಗೆ ಗುರುತೇ ಸಿಗಲಿಲ್ಲ, ಅಷ್ಟು ಕಪ್ಪಾಗಿದ್ದಾಳೆ, ಅಷ್ಟು ಬಾಗಿದ್ದಾಳೆ. ನಾನು ಕೂಡಿಟ್ಟಿದ್ದ ಮಾತೆಲ್ಲಾ ಎಲ್ಲಿ ಹೋಯಿತೋ. ಅವಳು ನನ್ನ ಕೆನ್ನೆ ಮುಟ್ಟಿ, "ಊಟ ಆಯ್ತಾ?" ಅಂದಳು.

ನೀವು ಕೇಳುತ್ತೀರಿ, ಅದಕ್ಕೇ ಮೊದಲೇ ಹೇಳುತ್ತೇನೆ. ನಮ್ಮವರಿಗೂ ಅವಳಿಗೂ ಮಾತುಕತೆ ಆಯಿತು. ಅವರು, "ಬುಡ ಒಣಗೋದು ತಡ ಆಯ್ತಾ?" ಅಂದರು. ಇವಳು, "ಹೂಂ" ಅಂದಳು. ಅವರು, "ಸರಿ" ಅಂದರು. ಇಬ್ಬರಿಗೂ ತುಂಬ ಸಮಾಧಾನವಾದ ಹಾಗೆ ಕಂಡಿತು.

ಮೂರು ತಿಂಗಳು ಸಿದ್ಧ ಮಾಡಿದ ಕೋಣೆಯನ್ನು ಬಾಗಿಲಲ್ಲಿ ನಿಂತು ನೋಡಿದಳು. ಪರದೆ ನೋಡಿ ನಕ್ಕಳು. ಆಮೇಲೆ, "ಇಷ್ಟು ದೊಡ್ಡ ಕೋಣೆಯಲ್ಲಿ ಒಬ್ಬಳೇ ನಿದ್ದೆ ಬರಲ್ಲ ಕಣೇ" ಅಂದಳು. ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿದೆ. ಮೊದಲಿನ ಹಾಗೆ ನಾವಿಬ್ಬರೂ ಪಕ್ಕ ಪಕ್ಕ, ಗೇಣಷ್ಟು ಜಾಗ ಬಿಟ್ಟು ಮಲಗಿದೆವು. ನಿಮ್ಮ ಜಾಗ ಮಾತ್ರ ಖಾಲಿ. ತಲೆ ಇಟ್ಟದ್ದೇ ತಡ, ಅವಳಿಗೆ ನಿದ್ದೆ ಬಂತು.

ನನಗೆ ಬರಲಿಲ್ಲ. ಅವಳ ಕೈಯನ್ನೇ ನೋಡುತ್ತಾ ಇದ್ದೆ. ದೊಡ್ಡಮ್ಮಾ, ಅದು ನಿದ್ದೆಯಲ್ಲೂ ಕೀಳುತ್ತಿತ್ತು. ಎರಡು ಬೆರಳು ಕೂಡುತ್ತಿದ್ದವು, ಹೆಬ್ಬೆರಳು ಒತ್ತುತ್ತಿತ್ತು, ಬಿಡುತ್ತಿತ್ತು, ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ ಒತ್ತುತ್ತಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ನನ್ನ ಬಲಗೈ ಬೆರಳನ್ನು ಅವಳ ಬೆರಳ ಸಂದಿಗೆ ಇಟ್ಟೆ. ಒಂದು ಸಲ ಒತ್ತಿದಳು. ಇನ್ನೊಂದು ಸಲ ಒತ್ತಿದಳು. ನಾನು ತೆಗೆಯಲಿಲ್ಲ. ಆಮೇಲೆ ಕೈ ನಿಂತಿತು.

ಈಗಲೂ ಮಲಗಿದ್ದಾಳೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟದಾಗಿದ್ದರೆ ಈ ಸಲ ಶಾಲೆಯನ್ನು ಬೈಯಬೇಡಿ.

ನಿಮ್ಮ,
ಚಿನಕುರುಳಿ